ಹದಿನೇಳು ಮಂದಿಯನ್ನು ನುಂಗಿದ ಬಾವಿ

"ಕೇಳಿರಪ್ಪೋ ಕೇಳಿರಿ! ಕಲ್ಲುಕೋಟೆಯ ದೊರೆ ರಣಭೈರನಾಯಕರ ಅಪ್ಪಣೆ! ಪ್ರಭುಗಳು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನು ಕೇಳಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ತೆಗೆಯುತ್ತಾರೆ!"

ಡಂಗುರದವನು ಕೂಗಿ ಮುಗಿಸುವಷ್ಟರಲ್ಲಿ ದುರುಗ ಕೋಟೆಯ ಹಾದಿ ಹಿಡಿದಿದ್ದ. ಅವನು ಬಾವಿ ತೋಡುವವನು. ಒಗಟು ಗಿಗಟು ಅಂದರೆ ಮಾರು ದೂರ. ಆದರೆ ಅವನ ಅಣ್ಣ ಮಾರೆಪ್ಪ ಕೋಟೆಯ ಸೆರೆಯಲ್ಲಿದ್ದ. ಬಂಡೆಯ ಮೇಲಿನ ಆ ಕೋಟೆಯಲ್ಲಿ ತೊಟ್ಟು ನೀರಿರಲಿಲ್ಲ. ದೊರೆ ಬಾವಿ ತೋಡಿಸಿದ. ನಲವತ್ತು ಮಾರು ಇಳಿದರೂ ತೇವ ಕಾಣದಿದ್ದಾಗ, ತೋಡುವವರಲ್ಲಿ ವಾರಕ್ಕೊಬ್ಬನ ತಲೆಯನ್ನು ಬಾವಿಕಟ್ಟೆಯ ಮೇಲೆಯೇ ಹಾರಿಸಿದ. ಹದಿನೇಳು ಮಂದಿ ಹೋದರು. ಮಾರೆಪ್ಪನ ಬಲಗೈಯ ಮೂರು ಬೆರಳು ಆಗಲೇ ಕತ್ತರಿಸಿಯಾಗಿತ್ತು, ನಾಳೆ ತಲೆಯ ಸರದಿ.

ಓಲಗದಲ್ಲಿ ದುರುಗನಿಗಿಂತ ಮುಂದೆ ಇಬ್ಬರಿದ್ದರು. ಅರ್ಧ ರಾಜ್ಯದ ಮೇಲೆ ಕಣ್ಣಿಟ್ಟ ದಳವಾಯಿ, ಊರಿಗೆ ಊರೇ ಉಂಬಳಿ ಸಿಗಲೆಂದು ಜೊಲ್ಲು ಸುರಿಸುತ್ತಿದ್ದ ಪಂಡಿತ.

"ಮನೆಗಿಂತ ಮೊದಲೇ ಕಟ್ಟುವುದು ಯಾವುದು? ಅದಕ್ಕೆ ಕಲ್ಲಿಲ್ಲ, ಮಣ್ಣಿಲ್ಲ. ಆದರೂ ಕಟ್ಟಿದವನು ಅದರೊಳಗೆ ಓಡಾಡುತ್ತಾನೆ," ಎಂದ ದೊರೆ.

"ಅಡಿಪಾಯ!" ಎಂದ ದಳವಾಯಿ ಮೀಸೆ ತಿರುವುತ್ತಾ.

"ಕಲ್ಲಿಲ್ಲದ ಅಡಿಪಾಯ ನಿಮ್ಮಪ್ಪ ಹಾಕಿದ್ದನೇನೋ?"

ಕತ್ತಿ ಬೀಸಿತು. ತಲೆ ಮೆಟ್ಟಿಲಿಳಿದು ಉರುಳುವಾಗಲೂ ಮೀಸೆ ತಿರುವುತ್ತಿದ್ದ ಕೈ ಮೇಲೆಯೇ ಇತ್ತು.

ಪಂಡಿತ ಬೆವರೊರೆಸಿಕೊಂಡು, "ಕನಸು, ಪ್ರಭೂ," ಎಂದ. ಸರಿಯಾಗಿತ್ತು.

"ಕಣ್ಣಿಗೆ ಕಂಡ ಮೇಲೆ ಅದು ಬೇಕಿಲ್ಲ. ಕಾಣುವ ತನಕ ಅದಿಲ್ಲದೆ ಒಂದು ಹೆಜ್ಜೆಯೂ ಸಾಗದು. ಏನದು?"

"ದೀಪ!"

"ದೀಪ ಆರಿದರೆ ಕಂಡದ್ದೂ ಕಾಣದು, ದಡ್ಡಾ!" ಪಂಡಿತನ ರಕ್ತ ಹರಿದು ಬಂದು ದುರುಗನ ಕಾಲ್ಬೆರಳಿಗೆ ತಾಗಿತು. ಬೆಚ್ಚಗಿತ್ತು.

"ಈಗ ನೀನು. ಮೊದಲನೆಯದರ ಉತ್ತರ ಕೇಳಿಸಿಕೊಂಡೆಯಲ್ಲ, ಅದು ಕನಸು ಹೇಗಾಯಿತು ಹೇಳು."

"ಒಡೆಯಾ, ಗುದ್ದಲಿ ಎತ್ತೋಕೆ ಮುಂಚೆ ನಾವು ನೆಲಕ್ಕೆ ಕಿವಿ ಕೊಟ್ಟು ಮಲಗ್ತೀವಿ. ಕಣ್ಣು ಮುಚ್ಚಿದ್ರೆ ಬಾವಿ ಕಾಣ್ತದೆ, ಕೊಡ ಹೊತ್ತ ಹೆಂಗಸ್ರು ಕಾಣ್ತಾರೆ. ಅಲ್ಲಿ ಕಟ್ಟಿದ ಮ್ಯಾಲೇ ಇಲ್ಲಿ ತೋಡೋದು."

"ಎರಡನೆಯದು?"

"ನಂಬಿಕೆ. ನೀರು ಕಂಡ ಮ್ಯಾಲೆ ನೀರೈತೆ ಅನ್ನೋದು ನಾಯಿಗೂ ಗೊತ್ತಾಗ್ತದೆ. ಕಾಣದಾಗ ನಂಬದಿದ್ರೆ ನಲವತ್ತು ಮಾರು ಯಾರಿಳೀತಾರೆ?"

ದೊರೆಯ ಮುಖ ಕಪ್ಪಿಟ್ಟಿತು. "ಕನಸೂ ನಂಬಿಕೆಯೂ ಇದ್ದ ಹದಿನೇಳು ಮಂದಿ ನನ್ನ ಬಾವಿಕಟ್ಟೆಯಲ್ಲಿ ಸತ್ತರು. ಹಾಗಾದರೆ ಅವೆರಡನ್ನೂ ನಿಜ ಮಾಡುವ ಮೂರನೆಯದು ಏನು? ಇದರ ಉತ್ತರ ನನಗೂ ಗೊತ್ತಿಲ್ಲ. ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು."

"ಇನ್ನೊಂದು ಏಟು," ಎಂದ ದುರುಗ. "ಅದನ್ನ ಹೊಡೆಯೋಕೆ ಮುಂಚೆ ನೀವು ಅವರನ್ನ ಕೊಂದ್ರಿ. ನನ್ನ ಅಣ್ಣನ್ನ ಬಿಡಿ, ತೋರಿಸ್ತೀನಿ."

ಹೊತ್ತು ಮುಳುಗುವ ತನಕ ಗಡುವು ಸಿಕ್ಕಿತು. ಅಣ್ಣತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗಿಳಿದರು. ಮೇಲೆ ಕಟುಕ ಕತ್ತಿ ಮಸೆಯುತ್ತಾ ನಿಂತ. ಮಾರೆಪ್ಪ ಉಳಿದೆರಡು ಬೆರಳಲ್ಲಿ ಉಳಿ ಹಿಡಿದ, ದುರುಗ ಸುತ್ತಿಗೆ ಬೀಸಿದ. ಗಾಯ ಬಿರಿದು ಉಳಿಯೆಲ್ಲ ರಕ್ತವಾಯಿತು.

"ಆಗಲ್ಲ ಕಣೋ ತಮ್ಮಾ."

"ಇನ್ನೊಂದು, ಅಣ್ಣಾ."

ನೂರು ಸಲ ಹೀಗೆಯೇ ಆಯಿತು. ಕೊನೆಗೆ ಬಂಡೆಯ ಸದ್ದು ಬದಲಾಯಿತು. ದುರುಗ ಮುಟ್ಟಿ ನೋಡಿದ. ಒದ್ದೆ! ಅವನು ಕಿರುಚಿದ್ದು ಕೇಳಿ ದೊರೆ ಬುಟ್ಟಿಯಲ್ಲಿ ಕುಳಿತು ತಾನೇ ಕೆಳಗಿಳಿದ, ಸುತ್ತಿಗೆ ಕಿತ್ತುಕೊಂಡ.

"ಕೊನೆಯ ಏಟು ನನ್ನದು! ನೀರು ತರಿಸಿದವನು ರಣಭೈರ ಅಂತ ಶಾಸನ ಬರೆಸುತ್ತೇನೆ."

"ಕೊನೇದು ಅಂತ ಬಾವಿಯೊಳಗೆ ಯಾರೂ ಅನ್ನಬಾರ್ದು, ಒಡೆಯಾ. ಸೊಂಟಕ್ಕೆ ಹಗ್ಗ ಕಟ್ಟಿಸ್ಕೊಳ್ಳಿ. ನೀರು ನುಗ್ಗಿದ್ರೆ ತಡೆಯೋಕಾಗಲ್ಲ."

"ನನ್ನನ್ನು ಕಟ್ಟುವ ಗಂಡಸು ಇನ್ನೂ ಹುಟ್ಟಿಲ್ಲ!"

ದೊರೆ ಬಲವೆಲ್ಲ ಹಾಕಿ ಹೊಡೆದ. ಬಂಡೆ ಸೀಳಿತು. ನೀರು ಅವನನ್ನೆತ್ತಿ ಗೋಡೆಗೆ ಅಪ್ಪಳಿಸಿತು, ತಲೆ ಒಡೆಯಿತು, ಮತ್ತೆ ಎತ್ತಿತು, ಮತ್ತೆ ಅಪ್ಪಳಿಸಿತು. ಹಗ್ಗವಿದ್ದವರನ್ನು ಮೇಲಿನವರು ಎಳೆದುಕೊಂಡರು.

ಹಣೆಬರಹ ನೋಡಿ, ದೊರೆಯ ಹೆಣ ತೇಲಿ ಬಂದಾಗ ಅಳುವವರು ಒಬ್ಬರೂ ಇರಲಿಲ್ಲ. ಮುದಿ ಮಂತ್ರಿ ದುರುಗನ ಮುಂದೆ ಕಿರೀಟ ಹಿಡಿದು, "ಕೇಳಿದ್ದನ್ನು ಕೊಡುತ್ತೇವೆ ಅಂತ ಮಾತಾಗಿದೆಯಪ್ಪಾ, ಕೇಳು," ಎಂದ.

"ಅಣ್ಣನ್ನ ಕೇಳಿದ್ದೆ, ಸಿಕ್ಕ. ಈ ಬಾವಿ ನಮ್ಮವರದಾಗಲಿ. ಯಾರು ಬಂದ್ರೂ ನೀರು ಸೇದಲಿ. ಶಾಸನದಾಗೆ ಆ ಹದಿನೇಳು ಜನರ ಹೆಸರು ಕೆತ್ತಿಸಿ. ಕಿರೀಟ ಯಾರ ತಲೆಗಾದ್ರೂ ಇಡಿ."

ಮಂತ್ರಿ ಆಗಲೆಂದ. ರಕ್ತ ಬೆರೆತ ಮೊದಲ ಕೊಡವನ್ನು ದುರುಗ ಸತ್ತವರ ಹೆಸರೆತ್ತಿ ಕಟ್ಟೆಯ ಮೇಲೆ ಸುರಿದ, ಸುರಿಯುತ್ತಾ ಬಿಕ್ಕಿಬಿಕ್ಕಿ ಅತ್ತ. ನೀರು ತಿಳಿಯಾಗುವ ತನಕ ಕಾದು ಇನ್ನೊಂದು ಕೊಡ ಸೇದಿ ಅಣ್ಣನಿಗೆ ಕೊಟ್ಟ. ಮಾರೆಪ್ಪ ಎರಡು ಬೆರಳಲ್ಲಿ ಬಟ್ಟಲು ಹಿಡಿದು ಗುಟುಕರಿಸಿದ.

"ಹೆಂಗೈತಣ್ಣಾ?"

"ಸೆರೆಮನೇಲಿ ಕಣ್ಣು ಮುಚ್ಚಿ ದಿನಾ ಇದ್ನೇ ಕುಡೀತಿದ್ನಲ್ಲೋ," ಎಂದ ಮಾರೆಪ್ಪ. "ಅದೇ ರುಚಿ."