ಪ್ರಿಂಟರಿನ ಬಾಗಿಲಲ್ಲಿ ಖಾಲಿ ಫೈಲು

ಕಲ್ಯಾಣ ಮಂಟಪವೊಂದರಲ್ಲಿ ಕಳೆದ ವಾರ ದುರಂತ ಸಂಭವಿಸಿತು. ಸ್ವಾಗತ ಫಲಕದಲ್ಲಿ ವರನ ಹೆಸರು ‘ಬದನೆಕಾಯಿ ಎಣ್ಣೆಗಾಯಿ’ ಎಂದು ಅಚ್ಚಾಯಿತು. ಫಲಕದ ಪ್ರೋಗ್ರಾಮು, ಊಟದ ಪಟ್ಟಿಯ ಪ್ರೋಗ್ರಾಮು ಎರಡೂ ಒಂದೇ ಪ್ರಿಂಟರಿಗೆ ಒಟ್ಟಿಗೆ ನುಗ್ಗಿದ್ದವು. ಇನ್ನೊಮ್ಮೆ ಹೀಗಾದರೆ ಎರಡನ್ನೂ ಅಳಿಸುವುದಾಗಿ ಮ್ಯಾನೇಜರು ಹೇಳಿದರು.

ಮುಂದಿನ ಮದುವೆಗೆ ಊಟದ ಪ್ರೋಗ್ರಾಮು ಓಡಿಬಂದಾಗ ಪ್ರಿಂಟರಿನ ಮುಂದೆ ಪುಟ್ಟ ಫೈಲೊಂದು ನಿಂತಿತ್ತು.

“ಪಕ್ಕಕ್ಕೆ ಸರಿಯಯ್ಯಾ, ಅಡುಗೆ ಭಟ್ಟರು ಕಾಯುತ್ತಿದ್ದಾರೆ.”

“ನನ್ನನ್ನು ಇಲ್ಲಿಟ್ಟು ಫಲಕದವರು ಒಳಗೆ ಹೋಗಿದ್ದಾರೆ. ಹೋಗುವಾಗ ನನ್ನನ್ನು ತೆಗೆದು ಹೋಗುತ್ತಾರೆ. ಆಮೇಲೆ ನೀವು.”

“ನನ್ನನ್ನು ತಡೆಯಲು ನಿನ್ನೊಳಗೆ ಏನಿದೆ?” ಎಂದು ಊಟದ ಪ್ರೋಗ್ರಾಮು ಇಣುಕಿತು. ಒಂದಕ್ಷರವೂ ಇರಲಿಲ್ಲ.

“ಬಾಗಿಲಲ್ಲಿ ಬಿಟ್ಟ ಚಪ್ಪಲಿಯೊಳಗೆ ಏನಿರುತ್ತದೆ, ಸ್ವಾಮಿ?” ಎಂದಿತು ಫೈಲು.

ಯಾರಿಗೂ ಕಾಯದ ಪ್ರೋಗ್ರಾಮು ಬೆರಗಾಗಿ ಕೈಕಟ್ಟಿ ನಿಂತಿತು.

ಅಂದು ಫಲಕದಲ್ಲಿ ವರನ ಹೆಸರೇ ಇತ್ತು. ಎಣ್ಣೆಗಾಯಿ ಎಲೆಗೆ ಬಂತು.