ಒಂದು ಹನಿಯೂ ಸೋರದ ಇಂಜಿನ್

ನನಗೆ ಇಂಜಿನ್ ಬಿಚ್ಚಿ ಜೋಡಿಸಿ ಅಭ್ಯಾಸ, ಕಥೆ ಹೇಳಿ ಅಭ್ಯಾಸವಿಲ್ಲ. ಬೇಡದ ಕಡೆ ವಿವರಿಸಿ, ಬೇಕಾದ ಕಡೆ ಬಿಟ್ಟಿದ್ದರೆ ಕ್ಷಮಿಸಬೇಕು.

ಹರಿಹರದಲ್ಲಿ ಹೊಳೆದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಗುರುಗಳು ದಾದಾಪೀರ್ ಉಸ್ತಾದರು. ಶಿಷ್ಯ ನಾನು, ಕೊಟ್ರೇಶ. ರೇಸ್ ಕಾರುಗಳಿಗೆ ಇಂಜಿನ್ ಕಟ್ಟುವುದು ನಮ್ಮ ಕೆಲಸ.

ಉಸ್ತಾದರದ್ದು ಒಂದು ಪದ್ಧತಿ. ಇಂಜಿನ್ ಕಟ್ಟಿದವನು ಕೊನೆಗೆ ಅದರ ಮೈಮೇಲೆ ಉಕ್ಕಿನ ಅಚ್ಚಿನಿಂದ ತನ್ನ ಅಕ್ಷರ ಹೊಡೆಯಬೇಕು. ಆರು ವರ್ಷ ಅವರ 'ದಾ' ನೋಡುತ್ತ ಬಂದಿದ್ದೆ. ನಾನೇ ಕಟ್ಟಿದ ಮೊದಲ ಇಂಜಿನ್ ಗಾಡಿಗೆ ಕೂರಿಸಿಯಾಗಿತ್ತು. ಆ ದಿನ ಬೆಳಿಗ್ಗೆ 'ಕೊ' ಅಚ್ಚನ್ನೂ ಸುತ್ತಿಗೆಯನ್ನೂ ನನ್ನ ಮುಂದಿಟ್ಟರು.

"ನಾಲ್ಕಕ್ಕೆ ನಾಚಪ್ಪನವರು ಬರ್ತಾರೆ. ಅಷ್ಟರೊಳಗೆ ಹೊಡಿ."

ನಾಚಪ್ಪನವರು ಆ ಗಾಡಿ ಓಡಿಸುವವರು. ಮರುದಿನ ಮಣ್ಣಿನ ಟ್ರ್ಯಾಕಿನಲ್ಲಿ ವರ್ಷದ ಕೊನೆಯ ರೇಸು. ಗೆದ್ದರೆ ಆ ವರ್ಷದ ಕಪ್ ಅವರದ್ದು.

ಎರಡು ಗಂಟೆಯಾದರೂ ನನ್ನ ಕೈ ಏಳಲಿಲ್ಲ.

ಯಾಕೆಂದರೆ, ಅಲ್ಲ, ಮೊದಲು ಪಂಪಿನ ವಿಷಯ ಹೇಳಬೇಕು. ಇಂಜಿನ್ ಓಡುವಾಗ ಉರಿದ ಗಾಳಿ ಸ್ವಲ್ಪ ಪಿಸ್ಟನ್ ದಾಟಿ ಕೆಳಗೆ, ಇಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ಒತ್ತಡ ಹೆಚ್ಚಾದರೆ ಶಕ್ತಿ ಕಡಿಮೆ. ಅದಕ್ಕೆ ರೇಸ್ ಇಂಜಿನ್ನಿಗೆ ಒಂದು ವ್ಯಾಕ್ಯೂಮ್ ಪಂಪ್ ಕೂರಿಸುತ್ತೇವೆ. ಅದು ಆ ಗಾಳಿಯನ್ನು ಹೀರಿ ಹೊರಗೆ ಹಾಕುತ್ತದೆ. ಎಷ್ಟು ಹೀರುತ್ತಿದೆ ಎಂದು ಮೀಟರಿನ ಮುಳ್ಳು ತೋರಿಸುತ್ತದೆ. ನಮ್ಮ ಇಂಜಿನ್ನಿಗೆ ಹನ್ನೆರಡು ಬರಬೇಕಿತ್ತು.

ಬಂದದ್ದು ಒಂಬತ್ತು.

ಕಾರಣ ನನಗೆ ಗೊತ್ತಿತ್ತು. ಮುಂದಿನ ಆಯಿಲ್ ಸೀಲ್, ಅಂದರೆ ತಿರುಗುವ ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ. ಮಾಮೂಲಿ ಇಂಜಿನ್ನಿನಲ್ಲಿ ಅದರ ಅಂಚು ಒಳಮುಖ. ಪಂಪ್ ಹೀರುವ ಇಂಜಿನ್ನಿನಲ್ಲಿ ಹೊರಮುಖ, ಹೊರಗಿನ ಗಾಳಿ ಒಳಗೆ ನುಗ್ಗದಿರಲೆಂದು. ರಿಪೇರಿಗೆ ಬರುವ ಮಾಮೂಲಿ ಇಂಜಿನ್ನುಗಳಲ್ಲೇ ಆರು ವರ್ಷ ಪಳಗಿದ ಕೈ, ಒಳಮುಖವಾಗಿ ಕೂರಿಸಿಬಿಟ್ಟಿತ್ತು.

ಬಿಚ್ಚಿದರೆ ಉಸ್ತಾದರಿಗೆ ತಿಳಿಯುತ್ತದೆ. ಅದಕ್ಕೆ ಪಂಪಿನ ಬೆಲ್ಟ್ ಸುತ್ತುವ ಪುಲ್ಲಿ ತೆಗೆದು ಚಿಕ್ಕದು ಹಾಕಿದೆ. ಪಂಪು ಇನ್ನೂ ಜೋರಾಗಿ ತಿರುಗಿತು. ಮುಳ್ಳು ಹನ್ನೆರಡಕ್ಕೆ ಬಂತು. ಹಿಂದಿನ ದಿನವೇ ಗಾಡಿಯನ್ನು ಟ್ರ್ಯಾಕಿನಲ್ಲಿ ಎರಡು ಸುತ್ತು ಓಡಿಸಿ ನೋಡಿದ್ದೂ ಆಗಿತ್ತು.

ಹೊರಗೆ ಯಾವ ಗಾಡಿ ಸದ್ದಾದರೂ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಉಸ್ತಾದರು ನಮಾಜು ಮುಗಿಸಿ ಬಂದರು. ಮುಳ್ಳು ನೋಡಿದರು. ಬಗ್ಗಿ ಗಾಡಿಯ ಕೆಳಗೆ ನೋಡಿದರು.

"ನೆಲ ಒಣಗೈತಲ್ಲ."

"ಒಂದು ಹನಿನೂ ಸೋರಿಲ್ಲ ಉಸ್ತಾದ್."

"ಸೋರೋ ಇಂಜಿನ್ ಆದ್ರೆ ಅದೇ ಹೇಳ್ತಿತ್ತು." ಒಂದು ಸ್ಟೂಲ್ ಎಳೆದು ಕುಳಿತರು. "ಅಕ್ಷರ ಯಾಕೆ ಹೊಡೆದಿಲ್ಲ?"

"ಕೈ ಬೆವರ್ತಾ ಐತೆ."

"ಮದುವೆ ಗಂಡಿನಂಗೆ? ಪೆಟ್ರೋಲ್ ಕ್ಯಾನ್ ಹೊರಗಿಡು. ಬೆಲ್ಟ್ ಬಿಚ್ಚು. ಡ್ರಿಲ್ ಮಿಷನ್ ಹಿಡಿದು ಪಂಪ್ ಒಂದನ್ನೇ ತಿರುಗಿಸು."

ಇಂಜಿನ್ ನಿಂತೇ ಇತ್ತು, ಪಂಪ್ ಮಾತ್ರ ಹೀರತೊಡಗಿತು. ನಾನು ಪೂಜೆಗೆ ತಂದಿಟ್ಟಿದ್ದ ಊದುಬತ್ತಿಯಲ್ಲಿ ಒಂದನ್ನು ಉಸ್ತಾದರು ಹಚ್ಚಿ, ಇಂಜಿನ್ನಿನ ಸುತ್ತ ನಿಧಾನವಾಗಿ ಹಿಡಿದರು. ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಹಿಂದೆ, ನೆಟ್ಟಗೆ. ಬದಿಗೆ, ನೆಟ್ಟಗೆ.

ಮುಂದಿನ ಸೀಲಿನ ಹತ್ತಿರ ಬಂದಾಗ ಹೊಗೆ ಬಾಗಿತು. ದಾರ ಸೂಜಿಗೆ ಹೋದ ಹಾಗೆ ಒಳಗೆ ಹೋಯಿತು.

ಉಸ್ತಾದರು ಆಯಿಲ್ ಕಡ್ಡಿ ಎಳೆದು ಎಣ್ಣೆಯನ್ನು ನನ್ನ ಬೆರಳಿಗೆ ಹಚ್ಚಿದರು. ಉಜ್ಜಿದೆ. ಸಣ್ಣ ರವೆಯ ಹಾಗೆ ಒತ್ತಿತು. ಟ್ರ್ಯಾಕಿನ ಮಣ್ಣು, ಗಾಳಿಯ ಜೊತೆ ಒಳಗೆ ಹೋದದ್ದು.

"ಸೀಲ್ ಉಲ್ಟಾ ಕೂರಿಸಿದ್ದೀನಿ ಉಸ್ತಾದ್. ಗೊತ್ತಿದ್ದೂ ಪುಲ್ಲಿ ಬದಲಿಸಿದೆ."

"ನಂಗೆ ಯಾಕೆ ಹೇಳ್ತೀಯ? ನಾನು ಓಡಿಸ್ತೀನಾ ಗಾಡಿನ?"

ಆಗಲೇ ನಾಚಪ್ಪನವರು ಬಂದರು, ನಗುತ್ತ, ಹೆಲ್ಮೆಟ್ ಕೈಯಲ್ಲಿ ಹಿಡಿದು.  ಅವರಿಗೆ ಎಲ್ಲ ಹೇಳಿದೆ, ಸೀಲಿನಿಂದ ಪುಲ್ಲಿಯವರೆಗೆ. ಮಣ್ಣು ಬೇರಿಂಗಿಗೆ ಇಳಿದಿದೆ, ಪೂರ್ತಿ ಬಿಚ್ಚದೆ ಓಡಿಸುವ ಹಾಗಿಲ್ಲ ಎಂದೂ ಹೇಳಿದೆ.

ಅವರ ನಗು ನಿಂತಿತು. "ನಾಳೆ ಹತ್ತು ಸುತ್ತು. ತಡೆಯೋದಿಲ್ವಾ?"

"ತಡೀಬಹುದು ಸರ್. ತಡೀದೇ ಇದ್ರೆ ನಡುವೆ ಇಂಜಿನ್ ಹಿಡ್ಕೊಂಡು ಗಾಡಿ ಅಲ್ಲೇ ನಿಲ್ತದೆ. ಹಿಂದೆ ಹದಿನಾಲ್ಕು ಗಾಡಿ ಇರ್ತವೆ."

ಅವರು ಉಸ್ತಾದರ ಕಡೆ ತಿರುಗಿದರು. "ಕಟ್ಟೋಕೆ ಒಳ್ಳೇ ಹುಡುಗನ್ನ ಹುಡುಕಿದ್ದೀರಿ."

"ಹೌದು," ಅಂದರು ಉಸ್ತಾದರು.

ನಾಚಪ್ಪನವರು ಗಾಡಿ ಇಲ್ಲದೆ ಹೋದರು. ಆ ವರ್ಷದ ಕಪ್ ಕೂಡ ಹೋಯಿತು. ನಾನು ಸ್ಪ್ಯಾನರ್ ಎತ್ತಿಕೊಂಡು ಬಿಚ್ಚಲು ಕುಳಿತೆ. ಇನ್ನು ಈ ಶೆಡ್ಡಿನಲ್ಲಿ ನನ್ನ ಋಣ ಇಷ್ಟೇ ಅಂದುಕೊಂಡೆ.

ಉಸ್ತಾದರು ಬಂದು ಅಚ್ಚು, ಸುತ್ತಿಗೆ ನನ್ನ ಕೈಗಿಟ್ಟರು.

"ಬಿಚ್ಚೋಕೆ ಮೊದಲು ಹೊಡಿ."

"ಈ ಕೆಟ್ಟ ಇಂಜಿನ್ನಿಗಾ ಉಸ್ತಾದ್?"

"ಬೆಳಿಗ್ಗೆ ಇದು ಆ ಮೀಟರ್ ಮುಳ್ಳಿಂದು ಆಗಿತ್ತು. ಈಗ ನಿಂದು."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಅರ್ಥವಾಗಲಿಕ್ಕಿಲ್ಲ. ಹೊರಗೆ ಸೋರುವ ಇಂಜಿನ್ನಿಗೆ ನೆಲ ಸಾಕ್ಷಿ. ಹನಿ ಬಿದ್ದರೆ ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಒಳಕ್ಕೆ ಸೋರುವುದಕ್ಕೆ ಸಾಕ್ಷಿ ಇಲ್ಲ. ಮುಳ್ಳು ಸರಿ ಇರುತ್ತದೆ, ನೆಲ ಒಣಗಿರುತ್ತದೆ, ಕಟ್ಟಿದವನಿಗೆ ಮಾತ್ರ ಗೊತ್ತಿರುತ್ತದೆ. ಹಾಗಾಗಿ ಉಸ್ತಾದರು ಹೇಳಿದ್ದೇನೆಂದರೆ, ಮೊದಲನೆಯದಾಗಿ...

ಉಸ್ತಾದರು ಕರೆಯುತ್ತಿದ್ದಾರೆ. ಬಾಗಿಲಲ್ಲಿ ಯಾರೋ ಒಂದು ಇಂಜಿನ್ ಇಳಿಸಿದ್ದಾರೆ.

"ಕೊಟ್ರೇಶಾ, ಇದರ ಮುಳ್ಳು ಸರಿಯಾಗೇ ಐತಂತೆ. ಊದುಬತ್ತಿ ತಗೊಂಡು ಬಾ."