ಸೀರೆಯೊಳಗಿನ ಗೆರೆ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ಫಕೀರವ್ವ ಎಂಬ ಗುರುತಾಯಿ ಇದ್ದಳು.

ಸುತ್ತಲಿನ ಊರವರು ಹಳೆಯ ಬಟ್ಟೆ ತಂದುಕೊಡುತ್ತಿದ್ದರು. ಆಶ್ರಮದವರು ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಜೋಡಿಸಿ, ಹೊದೆಯಲು ಕೌದಿ ಹೊಲಿದುಕೊಡುತ್ತಿದ್ದರು. ಬೇರೆ ಉಪದೇಶವೇನೂ ಅಲ್ಲಿ ನಡೆಯುತ್ತಿರಲಿಲ್ಲ.

ಶಿಷ್ಯೆ ದಾಕ್ಷಾಯಣಿ ಬಂದು ಎರಡು ವರ್ಷವಾಗಿತ್ತು. ಹಿಂದೆ ಶಾಲೆಯಲ್ಲಿ ಗಣಿತ ಕಲಿಸಿದವಳು. ಅಳತೆಯಲ್ಲಿ ಅವಳನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ದೋಣಿ ನಡೆಸುವ ದ್ಯಾಮಣ್ಣ ಬಂದ. ಎದೆಗವಚಿಕೊಂಡ ಗಂಟಿನಲ್ಲಿ ಒಂದು ಹಳೆಯ ಇಳಕಲ್ ಸೀರೆಯಿತ್ತು.

"ನನ್ನ ಹೆಂಡತೀದು," ಎಂದ. "ಆಕಿ ಹೋಗಿ ವರ್ಷಾತು. ಮಗಳು ಹೆರಿಗಿಗೆ ಬಂದಾಳ. ಅವ್ವನ್ನ ನೆನಸಿ ನೆನಸಿ ಅಳತಾಳ, ನಿದ್ದಿ ಇಲ್ಲ. ಅವ್ವನ ಸೀರಿ ಮೈಮ್ಯಾಲಿದ್ರ ಧೈರ್ಯ ಬಂದೀತು ಅಂತ ತಂದೀನಿ. ಉಳದದ್ದು ಇದೊಂದ."

ಫಕೀರವ್ವ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಅದನ್ನು ದಾಕ್ಷಾಯಣಿಯ ಮಡಿಲಿಗೆ ಹಾಕಿದಳು.

"ನಾನೇನ್ರಿ?"

"ನೀನ."

"ಪಟ್ಟಿ ಎಷ್ಟು ಅಗಲ ಇರಬೇಕ್ರಿ?"

"ನಾಕು ಬೆರಳು."

ದಾಕ್ಷಾಯಣಿ ಸೀರೆಯ ಅಂಚಿಗೆ ಸ್ಕೇಲು ಹಿಡಿದಳು. ಸೀಮೆಸುಣ್ಣದಿಂದ ಅಡ್ಡಕ್ಕೆ ಗೆರೆ ಎಳೆದಳು. ಎರಡೆರಡು ಸಲ ಅಳೆದಳು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೀರೆ ಪೂರ್ತಿ ಪಟ್ಟಿಯಾಗಿತ್ತು.

ಮರುದಿನ ಹತ್ತು ಪಟ್ಟಿ ಜೋಡಿಸಿ ಹೊಲಿದು ನೆಲಕ್ಕೆ ಹಾಸಿದಳು.

ಅದು ಕುಡುಗೋಲಿನಂತೆ ಬಾಗಿತ್ತು.

ಅಂಗೈಯಿಂದ ಒತ್ತಿದಳು. ಒತ್ತಿದ ಕಡೆ ತಗ್ಗಿ, ಇನ್ನೊಂದು ಕಡೆ ಉಬ್ಬಿತು. ಹೊಲಿಗೆ ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಬಾಗಿತು. ಎಳೆದರೆ ಪಟ್ಟಿಗಳು ಜಗ್ಗಿದವು, ಬಿಟ್ಟರೆ ಸುರುಟಿಕೊಂಡವು.

ಮತ್ತೊಂದು ಸೀರೆ ಇರಲಿಲ್ಲ. ಅದನ್ನುಟ್ಟ ಹೆಂಗಸೂ ಇರಲಿಲ್ಲ.

ದಾಕ್ಷಾಯಣಿ ಗುರುವಿನ ಮುಂದೆ ಬಂದು ಕುಳಿತಳು.

"ಅವ್ವಾ, ಸೀರಿ ಕೆಡಿಸಿದ್ನಿ."

"ದ್ಯಾಮಣ್ಣಗ ಹೇಳಿದ್ಯಾ?"

"ಇಲ್ರಿ. ಮೊದಲ ನಿಮಗ ಹೇಳೋಣಂತ ಬಂದ್ನಿ."

"ಸೀರಿ ನನ್ನದಲ್ಲ," ಎಂದಳು ಫಕೀರವ್ವ.

ದಾಕ್ಷಾಯಣಿ ಹೊಳೆಗೆ ಇಳಿದು ಹೋದಳು. ದೋಣಿ ತುಂಬಿತ್ತು. ದ್ಯಾಮಣ್ಣ ಹುಟ್ಟು ಹಿಡಿದು ನಿಂತಿದ್ದ. ಎಲ್ಲರೆದುರೇ ಅವಳು ಹೇಳಿದಳು.

"ಅಣ್ಣಾ, ನಿಮ್ಮನಿಯಾಕಿ ಸೀರಿ ನನ್ನ ಕೈಯಾಗ ಕೆಟ್ಟತು. ತಪ್ಪು ನಂದು."

ದ್ಯಾಮಣ್ಣ ದೋಣಿ ತಳ್ಳಿಕೊಂಡು ಆಚೆ ದಡಕ್ಕೆ ಹೋದ. ಜನ ಇಳಿದರು. ಖಾಲಿ ದೋಣಿಯಲ್ಲಿ ಅವನು ಹೊಳೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಕುಳಿತ. ಅವಳು ಈಚೆ ದಡದಲ್ಲಿ ನಿಂತೇ ಇದ್ದಳು.

ಅವನು ಮರಳಿ ಬಂದ.

"ಸುಟ್ಟಿಲ್ಲಲ್ಲ?"

"ಇಲ್ಲ."

"ಕಳದಿಲ್ಲಲ್ಲ?"

"ಇಲ್ಲಣ್ಣಾ. ಎಲ್ಲಾ ಪಟ್ಟಿ ಅದಾವು. ಆದ್ರ ಎಲ್ಲಾ ಸೊಟ್ಟ."

"ಹಂಗಾದ್ರ ಇನ್ನೂ ಐತಿ," ಎಂದ ದ್ಯಾಮಣ್ಣ. "ಹೋಗು ತಂಗಿ. ಏನಾಗತೈತಿ ಅಷ್ಟು ಮಾಡು."

ದಾಕ್ಷಾಯಣಿ ಆಶ್ರಮಕ್ಕೆ ಬಂದಾಗ ಫಕೀರವ್ವ ಪಟ್ಟಿಗಳನ್ನು ಮುಂದೆ ಹರಡಿಕೊಂಡು ಕುಳಿತಿದ್ದಳು.

"ನಾನು ಒಂದು ಕೂದಲೆಳಿಯಷ್ಟೂ ತಪ್ಪಿಲ್ರಿ, ಅವ್ವಾ. ಹ್ಯಾಂಗ ಸೊಟ್ಟ ಆತು?"

"ಇಪ್ಪತ್ತು ವರ್ಷ ಉಟ್ಟ ಸೀರಿ ಇದು," ಎಂದಳು ಗುರು. "ಒಗದು, ಹಿಂಡಿ, ಜಗ್ಗಿ ಒಣಹಾಕಿ, ಮೈಯೆಲ್ಲಾ ವಾರಿ ಆಗೈತಿ, ಎಳಿ ಎಲ್ಲಾ ಓರೆಯಾಗ್ಯಾವು. ನಿನ್ನ ಸ್ಕೇಲು ನೆಟ್ಟಗ ಇತ್ತು. ಸೀರೀನ ನೀ ಏನೂ ಕೇಳಲಿಲ್ಲ."

"ಸೀರೀನ ಏನಂತ ಕೇಳಬೇಕ್ರಿ?"

ಫಕೀರವ್ವ ಒಂದು ಪಟ್ಟಿಯನ್ನು ಅವಳ ಕೈಗೆ ಕೊಟ್ಟಳು.

"ತುದಿಯಾಗ ಒಂದು ಅಡ್ಡ ಎಳಿ ಹಿಡಿ. ಒಂದ. ಮೆಲ್ಲಕ ಜಗ್ಗು."

ದಾಕ್ಷಾಯಣಿ ಉಗುರಿನಿಂದ ಒಂದು ನೂಲು ಬಿಡಿಸಿ ಜಗ್ಗಿದಳು. ಬಟ್ಟೆ ನೆರಿಗೆಗಟ್ಟಿತು. ಇನ್ನೊಂದಿಷ್ಟು ಜಗ್ಗಿದಳು. ನೂಲು ಪಟ್ಟನೆ ಹರಿಯಿತು.

ಅವಳ ಕಣ್ಣು ತುಂಬಿ ಬಂತು. "ಇದೂ ಹೋತು."

"ಎಲ್ಲೀತನಕ ಬಂದಿತ್ತು?"

"ಅರ್ಧಕ್ಕ."

"ಅರ್ಧತನಕ ಹಾದಿ ಕಾಣತೈತೇನು ನೋಡು."

ನೂಲು ಹೊರಬಂದ ಜಾಗದಲ್ಲಿ ಒಂದು ಬಿಳುಪು ಗೆರೆ ಮೂಡಿತ್ತು. ಬಿಸಿಲಿಗೆ ಹಿಡಿದರೆ ಬೆಳಕು ತೂರುತ್ತಿತ್ತು.

"ಕಾಣತೈತ್ರಿ."

"ಅಲ್ಲೀತನಕ ಕತ್ತರಿಸು. ಮುಂದ ಅದ ಎಳಿ ಮತ್ತ ಸಿಗತೈತಿ."

ಸಿಕ್ಕಿತು. ಈ ಸಲ ಅವಳು ಉಸಿರು ಹಿಡಿದು ಜಗ್ಗಿದಳು. ನೂಲು ಪೂರ್ತಿ ಬಂತು. ಕತ್ತರಿ ಅದರ ದಾರಿಯಲ್ಲೇ ಹೋಯಿತು.

ಕತ್ತರಿಸಿ ಮುಗಿಸಿ ನೋಡಿದಳು. ಅವಳು ಹಿಂದೆ ಕತ್ತರಿಸಿದ್ದ ಅಂಚೂ ಈ ಹೊಸ ಗೆರೆಯೂ ಒಂದೇ ಕಡೆಯಿಂದ ಹೊರಟಿದ್ದವು. ಇನ್ನೊಂದು ತುದಿಗೆ ಬರುವಷ್ಟರಲ್ಲಿ ಎರಡು ಬೆರಳು ದೂರವಾಗಿದ್ದವು.

"ಇಷ್ಟು ನೆಟ್ಟಗ ಗೆರಿ ಎಳದವರು ಯಾರ್ರಿ?"

"ನೇದವರು," ಎಂದಳು ಫಕೀರವ್ವ. "ಮಗ್ಗದಾಗ ಕುಂತು ಒಂದೊಂದ ಎಳಿ ಕೂಡಿಸ್ಯಾರ. ನೀ ಎಳೀಬೇಕಾದ ಗೆರಿ ಅವರು ಎಂದೋ ಎಳದಿಟ್ಟಾರ."

ದಾಕ್ಷಾಯಣಿ ಆ ಪಟ್ಟಿಯನ್ನು ಬಹಳ ಹೊತ್ತು ಸವರಿದಳು. ಎರಡು ವರ್ಷದಲ್ಲಿ ಅಂಗಿ, ಚಾದರದಂಥ ಗಟ್ಟಿ ಬಟ್ಟೆ ಎಷ್ಟೋ ನೂರು ಕತ್ತರಿಸಿದ್ದಳು; ಅವು ಹೀಗೆ ಬಾಗಿರಲಿಲ್ಲ. ನೇಯ್ದವರೊಬ್ಬರಿದ್ದರೆಂದು ಒಮ್ಮೆಯೂ ಹೊಳೆದಿರಲಿಲ್ಲ.

ನಾಲ್ಕು ಬೆರಳಿನ ಪಟ್ಟಿಯಲ್ಲಿ ನೆಟ್ಟಗೆ ಉಳಿದದ್ದು ಎರಡೇ ಬೆರಳು. ಒಂದೊಂದು ಪಟ್ಟಿಗೂ ಎರಡು ಕಡೆ ಒಂದೊಂದು ನೂಲು ಜಗ್ಗಬೇಕಿತ್ತು. ಆರು ದಿನ ಹಿಡಿಯಿತು. ಬೆರಳ ತುದಿ ಸೀಳಿತು. ಆದರೂ ಪ್ರತಿ ನೂಲು ಹೊರಬಂದಾಗ ಅವಳಿಗೆ ಯಾರೋ ಕೈಹಿಡಿದು ನಡೆಸಿದಂತೆ ಆಗುತ್ತಿತ್ತು.

ಪಟ್ಟಿಗಳನ್ನು ಜೋಡಿಸಿದಳು. ಈ ಸಲ ಅವು ನೆಲದ ಮೇಲೆ ನೀರಿನಂತೆ ಸಮನಾಗಿ ಮಲಗಿದವು.

ಆದರೆ ಕೌದಿ ಅರ್ಧಕ್ಕಿಳಿದಿತ್ತು.

ದ್ಯಾಮಣ್ಣ ಬಂದಾಗ ಅವಳು ತಲೆತಗ್ಗಿಸಿ ಅದನ್ನು ಮುಂದಿಟ್ಟಳು.

"ಸಣ್ಣದಾತಣ್ಣಾ. ನಿಮ್ಮ ಮಗಳಿಗೆ ಕಾಲು ಮುಚ್ಚೂದಿಲ್ಲ."

ದ್ಯಾಮಣ್ಣ ಕೌದಿ ಬಿಡಿಸಿದ. ಅಂಚಿನಿಂದ ಅಂಚಿಗೆ ಕೈಯಾಡಿಸಿದ. ಆಮೇಲೆ ನಕ್ಕುಬಿಟ್ಟ.

"ನಿನ್ನೆ ಮುಂಜಾನೆ ನಮ್ಮನಿಗೆ ಒಬ್ಬಾಕಿ ಬಂದಾಳ. ಆಕಿ ಇರೂದ ಎರಡು ಗೇಣು. ಇದು ಆಕಿಗೆ ದೊಡ್ಡದಾತು."

ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಅವಸರದಿಂದ ಹೋದ.

ಮರುದಿನ ದೋಣಿಯನ್ನು ಕಟ್ಟಿ ಮತ್ತೆ ಬಂದ. ನೇರವಾಗಿ ದಾಕ್ಷಾಯಣಿಯ ಮುಂದೆ ನಿಂತ.

"ಮಗಳು ಕೌದಿ ಮಾರಿಗೆ ಹಿಡದು ಮೂಸಿದ್ಲು. ಅತ್ಲು. ಆಮ್ಯಾಲ ಕೂಸಿನ್ನ ಅದರಾಗ ಸುತ್ತಿ, ಅದರ ಮ್ಯಾಲ ಕೈ ಹಾಕ್ಕೊಂಡು ಮಲಗಿದ್ಲು. ಹೊತ್ತು ಏರಿದ್ರೂ ಎದ್ದಿಲ್ಲ. ತಿಂಗಳಾಗಿತ್ತು ತಂಗಿ, ಆಕಿ ಹಂಗ ನಿದ್ದಿ ಮಾಡಿ."

ಅವನು ಎರಡೂ ಕೈ ಎತ್ತಿ ಅವಳಿಗೆ ಮುಗಿದ. ಅವಳು ಏನಾದರೂ ಹೇಳುವುದರೊಳಗೆ ದೋಣಿಯ ಕಡೆ ಹೊರಟುಹೋದ.

ದಾಕ್ಷಾಯಣಿ ಅಲ್ಲೇ ನಿಂತಿದ್ದಳು. ಫಕೀರವ್ವ ಅಂಗಳದಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು.

"ಅವ್ವಾ, ಅಣ್ಣ ನನಗ ಕೈಮುಗದ್ರು. ನಾನು ಕೆಡಿಸಿದಾಕಿ."

"ಹೂಂ."

"ಆ ನಮಸ್ಕಾರ ನನ್ನದಲ್ರಿ. ಉಟ್ಟ ಆ ತಾಯೀದು. ನೇದವರದು. ನೇದವರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಅದಾರೋ ಇಲ್ಲೋ ಅದೂ ಗೊತ್ತಿಲ್ಲ. ಎದಿ ತುಂಬಿ ಬಂದೈತಿ. ನಾ ಯಾವ ದಿಕ್ಕಿಗೆ ಕೈ ಮುಗೀಲ್ರಿ?"

ಫಕೀರವ್ವ ಬಟ್ಟೆಯ ಮಡಿಕೆ ಬಿಡಿಸುತ್ತಾ ಹೇಳಿದಳು:

"ಮುಗಿ ನನ್ನವ್ವಾ. ವಿಳಾಸ ಬರೀಲಿಕ್ಕೆ ಅದೇನು ಕಾಗದ ಏನು?"